‘ಫಾರ್ಮ್ಯಾಟ್ ಮಾಡಿದ್ದೇವೆ’ ಎಂದರೆ ಪರೀಕ್ಷಿಸಿದ್ದೇವೆ ಎಂದಲ್ಲ

ಕಳೆದ ವಾರ ಸವದತ್ತಿ ಕಡೆಯ ಶಿಕ್ಷಕಿಯೊಬ್ಬರು ಬೆಳಗಾವಿಯ ತಿಲಕವಾಡಿಯ ನನ್ನ ರಿಪೇರಿ ಅಂಗಡಿಗೆ ಬಂದಿದ್ದರು. ಕೈಯಲ್ಲಿ ಕರವಸ್ತ್ರದಲ್ಲಿ ಸುತ್ತಿದ 500 ಜಿಬಿಯ ಹಾರ್ಡ್ ಡಿಸ್ಕ್. ಲ್ಯಾಪ್‌ಟಾಪ್‌ನಿಂದ ತೆಗೆದ, ಎರಡೂವರೆ ಇಂಚಿನ ಹಳೆಯ ಮಾಲು. ಎರಡು ತಿಂಗಳ ಹಿಂದೆ ಬೇರೆ ಕಡೆ ಕೊಂಡಿದ್ದರು. ಒಂಬತ್ತು ವರ್ಷದ ಪ್ರಶ್ನೆಪತ್ರಿಕೆಗಳು, ಮಕ್ಕಳು ಆಡಿದ ನಾಟಕಗಳ ವಿಡಿಯೋಗಳು ಎಲ್ಲವೂ ಅದರಲ್ಲೇ ಇದ್ದವು. "ಫಾರ್ಮ್ಯಾಟ್ ಮಾಡಿದ್ದೇವೆ, ಏನೂ ತೊಂದರೆ ಇಲ್ಲ ಎಂದು ಹೇಳಿ ಕೊಟ್ಟಿದ್ದರು ಸರ್" ಎಂದರು. ಏಳು ನಾಟಕಗಳಲ್ಲಿ ಎರಡನ್ನು ಮಾತ್ರ ನಾನು ಹೊರತೆಗೆಯಲು ಸಾಧ್ಯವಾಯಿತು.

ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಅದಕ್ಕೆ ಸ್ಮಾರ್ಟ್ ಎನ್ನುತ್ತಾರೆ. ತೆರೆದು ನೋಡಿದೆ. ಅದು ಓಡಿದ್ದು 31,000 ಗಂಟೆ, ಅಂದರೆ ಹಗಲೂ ರಾತ್ರಿ ಸೇರಿಸಿ ಮೂರೂವರೆ ವರ್ಷ. ಅದು ತಪ್ಪಲ್ಲ, ಅದಕ್ಕಿಂತ ಹೆಚ್ಚು ದುಡಿದ ಡಿಸ್ಕ್‌ಗಳೂ ನನ್ನಲ್ಲಿ ಚೆನ್ನಾಗಿ ಓಡುತ್ತಿವೆ. ನನ್ನನ್ನು ಕಂಗೆಡಿಸಿದ್ದು ಸ್ವಪರೀಕ್ಷೆಯ ದಾಖಲೆ. ಅದು ಪೂರ್ತಿ ಖಾಲಿ ಇತ್ತು. ಕಾರ್ಖಾನೆಯಿಂದ ಹೊರಬಂದ ಮೇಲೆ ಆ ಡಿಸ್ಕ್‌ನ ಸ್ವಪರೀಕ್ಷೆಯನ್ನು ಒಬ್ಬರೂ ಒಂದು ಸಲವೂ ಓಡಿಸಿರಲಿಲ್ಲ.

ನಮ್ಮ ಸೀಮೆಯ ರೈತ ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಹಲ್ಲು ಚೆನ್ನಾಗಿದೆ ಎಂದು ಅಷ್ಟಕ್ಕೇ ದುಡ್ಡು ಎಣಿಸುವುದಿಲ್ಲ, ಬಂಡಿಗೆ ಹೂಡಿ ನೋಡುತ್ತಾನೆ. ಹಳೆಯ ಡಿಸ್ಕ್‌ಗೂ ಬೇಕಾದದ್ದು ಇದೇ. ಫಾರ್ಮ್ಯಾಟ್ ಮಾಡುವುದೆಂದರೆ ಎತ್ತಿನ ಮೈ ತೊಳೆದಂತೆ. ಕ್ವಿಕ್ ಫಾರ್ಮ್ಯಾಟ್ ಬರೆಯುವುದು ಪರಿವಿಡಿಯನ್ನು ಮಾತ್ರ, ಉಳಿದ ಪುಟಗಳನ್ನು ಮುಟ್ಟುವುದೇ ಇಲ್ಲ. 500 ಜಿಬಿ ಡಿಸ್ಕ್‌ನಲ್ಲಿ 97 ಕೋಟಿಗೂ ಹೆಚ್ಚು ಸೆಕ್ಟರ್‌ಗಳು, ಅಂದರೆ ಮಾಹಿತಿ ಬರೆಯುವ ಪುಟ್ಟ ಪುಟ್ಟ ಭಾಗಗಳು ಇರುತ್ತವೆ. ಅವುಗಳಲ್ಲಿ ಬೆರಳೆಣಿಕೆಯಷ್ಟನ್ನು ಮುಟ್ಟಿ ‘ಚೆನ್ನಾಗಿದೆ’ ಎಂದು ಹೇಳುವ ಧೈರ್ಯ ಎಲ್ಲಿಂದ ಬರುತ್ತದೆ?

ಸ್ಮಾರ್ಟ್‌ನಲ್ಲಿ ನಾನು ಮೊದಲು ನೋಡುವುದು 5, 197, 198ನೆಯ ಸಾಲುಗಳನ್ನು. ಕೆಟ್ಟುಹೋಗಿ ಬದಲಿ ಜಾಗಕ್ಕೆ ಕಳುಹಿಸಿದ ಸೆಕ್ಟರ್‌ಗಳು 5ರಲ್ಲಿ, ಓದಲು ತಡವರಿಸಿ ತೀರ್ಮಾನಕ್ಕೆ ಕಾದಿರುವವು 197ರಲ್ಲಿ, ಓದಲು ಆಗದೇ ಹೋದವು 198ರಲ್ಲಿ. 199ರಲ್ಲಿ ಮಾತ್ರ ಸಂಖ್ಯೆ ಏರಿದ್ದರೆ ಹೆಚ್ಚಿನ ಸಲ ದೋಷ ಕೇಬಲ್‌ನದು, ಡಿಸ್ಕ್‌ನದಲ್ಲ. ಇದನ್ನು ತಿಳಿಯದೆ ಒಳ್ಳೆಯ ಡಿಸ್ಕ್‌ಗಳನ್ನು ಗುಜರಿಗೆ ಹಾಕಿದವರನ್ನು ಕಂಡಿದ್ದೇನೆ. ಯುಎಸ್‌ಬಿ ಪೋರ್ಟ್‌ನಿಂದ ಸಾಕಷ್ಟು ವಿದ್ಯುತ್ ಸಿಗದಿದ್ದಾಗ ಟಕ್ ಟಕ್ ಎನ್ನುವ ಡಿಸ್ಕ್‌ಗೂ ಇದೇ ಗತಿ. ಕಂಪ್ಯೂಟರ್‌ನ ಒಳಗೆ ಡಿಸ್ಕ್ ಜೋಡಿಸುವ ನೇರ ಸಾಟಾ ಕೇಬಲ್‌ಗೆ ಹಾಕಿ ನೋಡದೆ ಯಾವುದನ್ನೂ ಸತ್ತಿದೆ ಎನ್ನಬಾರದು.

ಆದರೆ ಸ್ಮಾರ್ಟ್ ಒಂದನ್ನೇ ನಂಬುವಂತಿಲ್ಲ. 2007ರಲ್ಲಿ ಗೂಗಲ್ ತನ್ನ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಅಧ್ಯಯನವನ್ನು ಪ್ರಕಟಿಸಿತು. ಕೆಟ್ಟುಹೋದ ಡಿಸ್ಕ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಸ್ಮಾರ್ಟ್‌ನ ಮುಖ್ಯ ಸಾಲುಗಳಲ್ಲಿ ಯಾವ ಮುನ್ಸೂಚನೆಯನ್ನೂ ಕೊಟ್ಟಿರಲಿಲ್ಲ. ಅದೇ ವೇಳೆ, ಮೊದಲ ಸ್ಕ್ಯಾನ್ ದೋಷ (ಡಿಸ್ಕ್ ತನ್ನ ತಟ್ಟೆಯನ್ನು ತಾನೇ ತಪಾಸಿಸುವಾಗ ಸಿಗುವ ದೋಷ) ಕಂಡ ಡಿಸ್ಕ್ ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ ದೋಷವಿಲ್ಲದ ಡಿಸ್ಕ್‌ಗಿಂತ 39 ಪಟ್ಟು ಹೆಚ್ಚು ಎಂದೂ ಕಂಡುಬಂತು. ಹಾಗಾಗಿ ಮೊದಲು ಸ್ಮಾರ್ಟ್‌ನ ಲೆಕ್ಕ ಬರೆದಿಟ್ಟುಕೊಂಡು, ಆಮೇಲೆ ಮೊದಲ ಸೆಕ್ಟರ್‌ನಿಂದ ಕೊನೆಯದರ ತನಕ ಬರೆದು, ಬರೆದದ್ದನ್ನು ಪೂರ್ತಿ ಓದಿಸಿ, ಮತ್ತೆ ಲೆಕ್ಕ ನೋಡುತ್ತೇನೆ. ಲಿನಕ್ಸ್‌ನ ಬ್ಯಾಡ್‌ಬ್ಲಾಕ್ಸ್ ಎಂಬ ತಂತ್ರಾಂಶ ನಾಲ್ಕು ಬಗೆಯ ಮಾದರಿಗಳನ್ನು ಹೀಗೆ ಬರೆದು ಓದುತ್ತದೆ. 500 ಜಿಬಿಗೆ ಹದಿನಾಲ್ಕು ಗಂಟೆಯಾದರೂ ಬೇಕು. ರಾತ್ರಿ ಅಂಗಡಿ ಮುಚ್ಚುವಾಗ ಹಚ್ಚಿಟ್ಟು ಹೋದರೆ ಬೆಳಿಗ್ಗೆ ಮುಗಿಯುತ್ತ ಬಂದಿರುತ್ತದೆ, ನಡುವೆ ಕರೆಂಟ್ ಹೋಗದಿದ್ದರೆ. ಬರೆದಾಗ 197 ಸೊನ್ನೆಗೆ ಇಳಿದು 5 ಏರದಿದ್ದರೆ ಆ ಡಿಸ್ಕ್ ಬದುಕಿದಂತೆ. 5ರಲ್ಲಿ ಒಂದೇ ಒಂದು ಸಂಖ್ಯೆ ಏರಿದರೂ ನಾನು ಅದನ್ನು ಮಾರುವುದಿಲ್ಲ. ಅತಿಯಾಯಿತು ಎನ್ನುವವರಿದ್ದಾರೆ, ಇರಲಿ.

ದುರಸ್ತಿ ಎಂದರೆ ಮುಚ್ಚಳ ತೆರೆಯುವುದಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಒಳಗೆ ಓದುವ-ಬರೆಯುವ ಹೆಡ್ ಮಾಹಿತಿಯ ತಟ್ಟೆಯ ಮೇಲೆ ತೇಲುವುದು ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ, ಒಂದು ಧೂಳಿನ ಕಣ ಅದಕ್ಕೆ ಬೆಟ್ಟವಿದ್ದಂತೆ. ಲ್ಯಾಪ್‌ಟಾಪ್ ಡಿಸ್ಕ್‌ಗಳ ತಟ್ಟೆ ಸಾಮಾನ್ಯವಾಗಿ ಗಾಜಿನದು, ಒಡೆದರೆ ಪುಡಿಪುಡಿ. ನಮ್ಮಂಥವರು ಮಾಡಬಹುದಾದದ್ದು ಹೊರಗಿನ ಕೆಲಸ. ಬೆಳಗಾವಿಯ ಮಳೆಗಾಲ ನಿಮಗೆ ಗೊತ್ತೇ ಇದೆ. ಆ ತೇವಕ್ಕೆ ಡಿಸ್ಕ್‌ನ ಹೊರಮೈಗೆ ಜೋಡಿಸಿದ ಹಸಿರು ಸರ್ಕಿಟ್ ಬೋರ್ಡ್‌ನ ಹಿಂಬದಿಯ ಸಂಪರ್ಕಬಿಂದುಗಳು ಕಪ್ಪಾಗಿರುತ್ತವೆ. ಬೋರ್ಡ್ ಬಿಚ್ಚಿ, ಶಾಲಾಮಕ್ಕಳ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ ಜೋಡಿಸಿದರೆ ಕೆಲವು ಡಿಸ್ಕ್‌ಗಳು ಎದ್ದು ಕೂರುತ್ತವೆ.

ಇನ್ನು ಹಳೆಯ ಮಾಲೀಕರ ಮಾಹಿತಿ. ಅಂಗಡಿಗೆ ಬರುವ ಡಿಸ್ಕ್‌ಗಳಲ್ಲಿ ಆಧಾರ್ ಪ್ರತಿಗಳು, ಆಸ್ಪತ್ರೆಯ ವರದಿಗಳು ಹಾಗೇ ಇರುತ್ತವೆ. ಪೂರ್ತಿ ಡಿಸ್ಕ್ ಬರೆಯುವ ಪರೀಕ್ಷೆ ಅವನ್ನೂ ಅಳಿಸುತ್ತದೆ, ಬೇರೆ ಶ್ರಮ ಬೇಕಿಲ್ಲ.

ನಾನು ಮಾರುವ ಪ್ರತಿ ಡಿಸ್ಕ್‌ಗೆ ಒಂದು ಚೀಟಿ ಅಂಟಿಸುತ್ತೇನೆ: ಓಡಿದ ಗಂಟೆ, ಆ ಮೂರು ಸಾಲುಗಳ ಸಂಖ್ಯೆ, ಪರೀಕ್ಷೆ ಮುಗಿದ ದಿನಾಂಕ, ನನ್ನ ಸಹಿ. ಖಡೇಬಜಾರಿನಲ್ಲಾಗಲಿ ಶಹಾಪುರದಲ್ಲಾಗಲಿ ನೀವು ಹಳೆಯ ಡಿಸ್ಕ್ ಕೊಳ್ಳುವಾಗ ಇಂಥ ಚೀಟಿ ಕೇಳಿರಿ. ಕೊಡದಿದ್ದರೆ ಅಲ್ಲೇ ಅವರ ಕಂಪ್ಯೂಟರ್‌ನಲ್ಲಿ ಸ್ಮಾರ್ಟ್ ತೆರೆದು ತೋರಿಸಲು ಹೇಳಿರಿ, ಐದು ನಿಮಿಷದ ಕೆಲಸ. ವ್ಯಾಪಾರಿ ಮಿತ್ರರಲ್ಲೂ ಇದನ್ನೇ ಕೇಳುತ್ತಿದ್ದೇನೆ. ಹದಿನಾಲ್ಕು ಗಂಟೆಯ ಕರೆಂಟಿಗೆ ನೂರು ರೂಪಾಯಿ ಹೆಚ್ಚು ಹೇಳಿರಿ, ಕೊಳ್ಳುವವರು ಕೊಡುತ್ತಾರೆ.

ಆ ಶಿಕ್ಷಕಿಗೆ ಬೇರೆ ಡಿಸ್ಕ್ ಕೊಟ್ಟು ಕಳುಹಿಸಿದೆ. ಎರಡು ನಾಟಕಗಳನ್ನು ಅದಕ್ಕೂ ಹಾಕಿದೆ, ಒಂದು ಪೆನ್‌ಡ್ರೈವ್‌ಗೂ ಹಾಕಿದೆ. ಉಳಿದ ಐದರ ಪ್ರತಿಗಳು ಆ ಮಕ್ಕಳ ಮನೆಯವರ ಮೊಬೈಲ್‌ಗಳಲ್ಲಿ ಇದ್ದಾವೇನೋ ಎಂದು ಅವರು ಈಗ ಒಬ್ಬೊಬ್ಬರಿಗೇ ಫೋನ್ ಮಾಡಿ ಕೇಳುತ್ತಿದ್ದಾರೆ.