ಹಿಮದೂರಿನ ಅಜ್ಜಿಗೆ ಒಂಟೆಯ ಚಿತ್ರ

ಮರೆವಿನ ಕಾಯಿಲೆ (ಡಿಮೆನ್ಷಿಯಾ) ಪತ್ತೆಗೆ ಜಗತ್ತಿನಾದ್ಯಂತ ಬಳಸುವ ‘ಮೋಕಾ’ ಅಂತ ಒಂದು ಪರೀಕ್ಷೆ ಇದೆ. ಅದರಲ್ಲಿ ಮೂರು ಪ್ರಾಣಿಗಳ ಚಿತ್ರ ತೋರಿಸಿ ಹೆಸರು ಕೇಳ್ತಾರೆ: ಸಿಂಹ, ಘೇಂಡಾಮೃಗ, ಒಂಟೆ. ಜೀವಮಾನವೆಲ್ಲ ಸೀಲ್, ಕ್ಯಾರಿಬೂ ಜಿಂಕೆ, ಸಾಲ್ಮನ್ ಮೀನಿನ ಜೊತೆ ಕಳೆದ ಆರ್ಕ್ಟಿಕ್‌ನ ಅಜ್ಜಿ ಒಂಟೆಯ ಮುಂದೆ ತಡವರಿಸಿದರೆ ಅಂಕ ಕಳೆಯಬೇಕಾದ್ದು ಅಜ್ಜಿಯದೋ, ಪ್ರಶ್ನೆಪತ್ರಿಕೆಯದೋ? ಕೆನಡಾದ ಮ್ಯಾನಿಟೂಲಿನ್ ದ್ವೀಪದಲ್ಲಿ ಸಂಶೋಧಕರು ಅಲ್ಲಿನ ಅನಿಶಿನಾಬೆ ಮೂಲನಿವಾಸಿ ಹಿರಿಯರ ಜೊತೆ ಕೂತು, ಆಸ್ಟ್ರೇಲಿಯಾದ ಕಿಂಬರ್ಲಿ ಪ್ರದೇಶದ ಮೂಲನಿವಾಸಿಗಳಿಗೆಂದು ರೂಪಿಸಿದ್ದ ಪರೀಕ್ಷೆಯನ್ನು ಆ ಹಿರಿಯರಿಗೆ ಒಗ್ಗುವಂತೆ ತಿದ್ದಿಕೊಂಡರು. ಸರಿಯಾದ ದಾರಿ ಅದು.

ಆರ್ಕ್ಟಿಕ್ ಕಡೆಯ ಊರುಗಳಲ್ಲಿ ಸಂಶೋಧಕರು ಅಂದ್ರೆ ಜನ ಮುಖ ಗಂಟಿಕ್ಕೋದು ಸುಮ್ಮನೆ ಅಲ್ಲ. 1955ರಿಂದ 57ರವರೆಗೆ ಅಮೆರಿಕದ ವಾಯುಪಡೆಯ ಪ್ರಯೋಗಾಲಯವೊಂದು ಚಳಿ ತಾಳಿಕೊಳ್ಳುವುದರಲ್ಲಿ ಥೈರಾಯ್ಡ್ ಪಾತ್ರ ಏನು ಅಂತ ನೋಡಲು 121 ಜನರಿಗೆ ವಿಕಿರಣಶೀಲ ಅಯೋಡಿನ್ ಕೊಟ್ಟಿತು. ಅವರಲ್ಲಿ 102 ಮಂದಿ ಅಲಾಸ್ಕಾದ ಮೂಲನಿವಾಸಿಗಳು. ಆಮೇಲೆ ಅಲಾಸ್ಕಾದ್ದೇ ಬ್ಯಾರೋ ಊರಿನ ಕಥೆ. ಅಲ್ಲಿನ ಇನುಪಿಯಾಟ್ ಮೂಲನಿವಾಸಿ ಜನರ ಕುಡಿತದ ಬಗ್ಗೆ ನಡೆದ ಅಧ್ಯಯನದ ಫಲಿತಾಂಶವನ್ನು 1980ರಲ್ಲಿ ಸಾವಿರಾರು ಮೈಲಿ ದೂರದ ಫಿಲಡೆಲ್ಫಿಯಾದಲ್ಲಿ ಪತ್ರಿಕೆಯವರ ಮುಂದೆ ಇಟ್ಟರು. ಇಡೀ ಊರೇ ಕುಡುಕರದ್ದು ಅನ್ನುವ ಹಾಗೆ ದೇಶದ ಪತ್ರಿಕೆಗಳಲ್ಲಿ ಸುದ್ದಿ. ಊರಿನ ಮರ್ಯಾದೆ ಹರಾಜಿಗೆ ಬಿತ್ತು, ಸಂಶೋಧಕರ ಪಟ್ಟಿಗೆ ಇನ್ನೊಂದು ವರದಿ ಸೇರಿತು.

ಹಾಗಾಗಿಯೇ ಸಂಶೋಧಕ ಜೋರ್ಡಾನ್ ಲೂಯಿಸ್ ಕೆಲಸ ನನಗೆ ದೊಡ್ಡದು ಅನ್ನಿಸುತ್ತೆ. ಅವರೂ ಅಲಾಸ್ಕಾದ ಉನಾಂಗನ್ ಮೂಲನಿವಾಸಿ ಸಮುದಾಯದವರೇ. ಅಲಾಸ್ಕಾದ ಬ್ರಿಸ್ಟಲ್ ಕೊಲ್ಲಿಯ ಆರು ಹಳ್ಳಿಗಳ 26 ಹಿರಿಯರನ್ನು ಕೇಳಿದ್ದು ಇಷ್ಟೇ: ಚೆನ್ನಾಗಿ ವಯಸ್ಸಾಗೋದು ಅಂದ್ರೆ ನಿಮ್ಮ ಪ್ರಕಾರ ಏನು? ಉತ್ತರದಲ್ಲಿ ಬಿಪಿ, ಶುಗರ್ ಮೊದಲ ಸ್ಥಾನದಲ್ಲಿ ಕೂರಲಿಲ್ಲ. ಮನಸ್ಸಿನ ನೆಮ್ಮದಿ, ಊರಿನ ಕೆಲಸದಲ್ಲಿ ಕೈಜೋಡಿಸೋದು, ದೈವಭಕ್ತಿ, ದೇಹದ ಆರೋಗ್ಯ ಎಲ್ಲವೂ ಒಟ್ಟೊಟ್ಟಿಗೆ ಬಂದವು. ಅಲ್ಲಿ 65 ತುಂಬಿದ ಮಾತ್ರಕ್ಕೆ ಯಾರೂ ‘ಹಿರಿಯ’ ಆಗಲ್ಲ. ತನಗೆ ಗೊತ್ತಿರೋದನ್ನ ಚಿಕ್ಕವರಿಗೆ ಕಲಿಸಿ, ಊರು ಒಪ್ಪಿದ ಮೇಲೇ ಆ ಪಟ್ಟ.

ಇದನ್ನ ಬರೀ ಭಾವುಕತೆ ಅನ್ನೋರು ಕೆನಡಾದ ಉತ್ತರ ತುದಿಯ ನುನಾವುಟ್ ಪ್ರಾಂತ್ಯದ ಕಡೆ ನೋಡಿ. ಡಿಮೆನ್ಷಿಯಾ ಇರುವ ಅಲ್ಲಿನ ಇನ್ಯುಯಿಟ್ ಮೂಲನಿವಾಸಿ ಹಿರಿಯರಿಗೆ ಊರಲ್ಲಿ ಸೌಲಭ್ಯ ಸಾಲದೆ, 2,000 ಕಿಲೋಮೀಟರ್ ದಕ್ಷಿಣದ ರಾಜಧಾನಿ ಒಟ್ಟಾವಾಕ್ಕೆ ವಿಮಾನದಲ್ಲಿ ಕಳಿಸಿದ್ದಾರೆ. ಅಲ್ಲಿ ಮಾತ್ರೆ, ಹಾಸಿಗೆ, ನರ್ಸ್ ಎಲ್ಲ ಉಂಟು. ಮೊಮ್ಮಕ್ಕಳಿಲ್ಲ, ತಿಂದು ಬೆಳೆದ ಊಟ ಸಿಗೋದು ಅಪರೂಪ. ಬ್ರಿಸ್ಟಲ್ ಕೊಲ್ಲಿಯ ಹಿರಿಯರು ಕೊಟ್ಟ ಪಟ್ಟಿಯನ್ನ ಎದುರಿಗಿಟ್ಟು ನೋಡಿದರೆ ಈ ವ್ಯವಸ್ಥೆಗೆ ಎಷ್ಟು ಅಂಕ ಕೊಡ್ತೀರಿ? ಇನ್ಯುಯಿಟ್ ಜನರ ರಾಷ್ಟ್ರೀಯ ಸಂಘಟನೆ 2018ರಲ್ಲಿ ತನ್ನದೇ ಸಂಶೋಧನಾ ನೀತಿ ಹೊರತಂದು, ದುಡ್ಡು ಮತ್ತು ಮಾಹಿತಿಯ ಮೇಲಿನ ಹಿಡಿತ ನಮಗೂ ಬೇಕು ಅಂದಿತು. ಕೇಳಬೇಕಾದ್ದೇ. ಅದಿಲ್ಲದೆ ‘ಸಮುದಾಯ ಸಹಭಾಗಿತ್ವ’ ಅನ್ನೋದು ಅರ್ಜಿಯಲ್ಲಿ ತುಂಬುವ ಒಂದು ಸಾಲು ಅಷ್ಟೆ.

ನಮ್ಮ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲೂ 45 ದಾಟಿದ ಹಳ್ಳಿಗರ ಮೆದುಳಿನ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸುವ ದೊಡ್ಡ ಅಧ್ಯಯನ ನಡೀತಿದೆ. ಅದರಲ್ಲಿ ನಿಮ್ಮ ಮನೆಯವರು ಯಾರಾದರೂ ಇದ್ದರೆ, ಅವರನ್ನ ಏನೇನು ಕೇಳಿದರು, ಫಲಿತಾಂಶವನ್ನ ಯಾರು ಬಂದು ಹೇಗೆ ತಿಳಿಸಿದರು ಅಂತ ಇಲ್ಲಿ ಬರೆಯಿರಿ.