ಮಗ್ಗಿ ಬಾಯಿಪಾಠ ಮಾಡಿಸಬೇಕಾ?

ಪರ: ಬಾಯಿಗೆ ಬಂದರೆ ತಲೆಗೆ ಬಿಡುವು

847ನ್ನು 7ರಿಂದ ಭಾಗಿಸು ಅಂತ ಐದನೇ ತರಗತಿಯ ಇಬ್ಬರು ಹುಡುಗಿಯರಿಗೆ ಕೊಡಿ. ಮಗ್ಗಿ ಬರುವವಳು 'ಏಳೊಂದ್ಲ ಏಳು' ಅಂದು ಕಳೆದು, ಉಳಿದ 1ರ ಪಕ್ಕ 4 ಇಳಿಸಿ, 'ಏಳೆರಡ್ಲ ಹದಿನಾಲ್ಕು' ಅಂತ ಮುಂದೆ ಹೋಗುತ್ತಾಳೆ. ಬಾರದವಳು ಬೆರಳು ಮಡಚಲು ಶುರು ಮಾಡುತ್ತಾಳೆ. ಹದಿನಾಲ್ಕು ಸಿಗುವ ಹೊತ್ತಿಗೆ ಯಾವ ಅಂಕಿ ಇಳಿಸಿದ್ದೆ ಅನ್ನೋದೇ ಮರೆತಿರುತ್ತದೆ. ನಾವು 'ಭಾಗಾಕಾರ ಬರುವುದಿಲ್ಲ' ಅಂತ ಷರಾ ಬರೆದುಬಿಡುತ್ತೇವೆ. ನಿಜಕ್ಕೂ ಅವಳಿಗೆ ಸಾಲದೆ ಹೋಗಿದ್ದು ತಲೆಯಲ್ಲಿನ ಜಾಗ.

ಆ ಜಾಗ ಬಹಳ ಇಕ್ಕಟ್ಟು. ಒಂದೇ ಸಲಕ್ಕೆ ಮನಸ್ಸಿನಲ್ಲಿ ಹಿಡಿದಿಡಲು ಆಗುವುದು ಸುಮಾರು ಏಳು ಸಂಗತಿ, ಎರಡು ಹೆಚ್ಚುಕಮ್ಮಿ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು. 2001ರಲ್ಲಿ ಇನ್ನೊಬ್ಬ ಮನಶ್ಶಾಸ್ತ್ರಜ್ಞ ನೆಲ್ಸನ್ ಕೋವನ್ ಅದನ್ನು ನಾಲ್ಕರ ಹತ್ತಿರಕ್ಕೆ ಇಳಿಸಿದರು. ಇದು ದೊಡ್ಡವರ ಲೆಕ್ಕ. ಮಕ್ಕಳದ್ದು ಇನ್ನೂ ಕಮ್ಮಿ. ಮಗ್ಗಿ ಕಾಯಂ ನೆನಪಿಗೆ ಹೋಗಿದ್ದರೆ ಈ ಇಕ್ಕಟ್ಟಿನಲ್ಲಿ ಅದಕ್ಕೆ ಜಾಗ ಕೊಡಬೇಕಿಲ್ಲ. ಕೇಳಿದ ಕೂಡಲೇ ಉತ್ತರ ಬಂದು ನಿಲ್ಲುತ್ತದೆ.

ದಿನಾ ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ಕೂರಿಸಿ ಮಗ್ಗಿ ಹೇಳಿಸುತ್ತಿದ್ದ ಅಜ್ಜಂದಿರು ಮನಶ್ಶಾಸ್ತ್ರ ಓದಿದವರಲ್ಲ. ಆದರೂ ಅವರ ಪದ್ಧತಿ ಸರಿಯಾಗೇ ಇತ್ತು. ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗಳನ್ನು ತಾವೇ ಉರು ಹೊಡೆದು 1885ರಲ್ಲಿ ಹೇಳಿದ್ದೂ ಇದನ್ನೇ: ಒಂದೇ ದಿನ ಕೂತು ಗಟ್ಟು ಹಾಕುವುದಕ್ಕಿಂತ ದಿನ ದಿನಕ್ಕೆ ಹಂಚಿಕೊಂಡು ಕಲಿತದ್ದು ಕಮ್ಮಿ ಶ್ರಮಕ್ಕೆ ಉಳಿಯುತ್ತದೆ.

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ನಲವತ್ತು ಮಕ್ಕಳು ರಾಗ ಎಳೆದು ಒಟ್ಟಿಗೆ ಕೂಗುವಾಗ ಅರ್ಧ ಜನ ಸುಮ್ನೆ ತುಟಿ ಆಡಿಸುತ್ತಿರುತ್ತಾರೆ. ಬಾಯಿಪಾಠ ಬೇಕು, ಈ ಗಲಾಟೆ ಬೇಡ.

ವಿರೋಧ: 'ಕೂಡೋದಾ ಮಿಸ್, ಗುಣಿಸೋದಾ?'

ಪ್ರಾಥಮಿಕ ಶಾಲೆಯಲ್ಲಿ ಒಂದು ವಾರ ಪಾಠ ಮಾಡಿದವರು ಈ ಪ್ರಶ್ನೆ ಕೇಳಿಯೇ ಇರುತ್ತಾರೆ. ಆರು ಬುಟ್ಟಿ, ಒಂದೊಂದರಲ್ಲಿ ಎಂಟು ಮಾವಿನಹಣ್ಣು, ಒಟ್ಟು ಎಷ್ಟು? ಇಪ್ಪತ್ತರವರೆಗೆ ಮಗ್ಗಿ ಒಪ್ಪಿಸುವ ಹುಡುಗ ಇಲ್ಲಿ ಮಿಸ್ ಮುಖ ನೋಡುತ್ತಾನೆ. ಮಗ್ಗಿ ಅವನ ಬಾಯಲ್ಲಿದೆ. ಅದು ಯಾತಕ್ಕೆ ಅನ್ನೋದು ಗೊತ್ತಿಲ್ಲ.

'ಏಳೆಂಟ್ಲ?' ಅಂತ ದಿಢೀರ್ ಕೇಳಿ ನೋಡಿ. ಎಷ್ಟೋ ಮಕ್ಕಳು 'ಏಳೊಂದ್ಲ'ದಿಂದ ಓಡಿ ಬರುತ್ತಾರೆ, ಹಾಡಿನ ನಡುವಿನ ಸಾಲು ಕೇಳಿದಂತೆ. ಉತ್ತರ ಬಂದು ನಿಲ್ಲುತ್ತದೆ ಅನ್ನುವ ಮೇಲಿನ ವಾದ ಇಲ್ಲೇ ಕುಸಿಯುತ್ತದೆ, ಅಲ್ವಾ?

1935ರಲ್ಲಿ ಅಮೆರಿಕದಲ್ಲಿ ಬ್ರೌನೆಲ್ ಮತ್ತು ಶಜಾಲ್ ಎಂಬ ಶಿಕ್ಷಣ ಸಂಶೋಧಕರು ಮೂರನೇ ತರಗತಿಯ ಮಕ್ಕಳಿಗೆ ಸಂಕಲನದ ಉರು ಮಾಡಿಸಿ ನೋಡಿದರು. ಮಕ್ಕಳ ವೇಗ ಹೆಚ್ಚಿತು. ಆದರೆ ಎಣಿಸುತ್ತಿದ್ದ ಎಷ್ಟೋ ಮಕ್ಕಳು ಎಣಿಸುತ್ತಲೇ ಇದ್ದರು, ಜಾಸ್ತಿ ಬೇಗ ಎಣಿಸಲು ಕಲಿತಿದ್ದರು ಅಷ್ಟೇ. ಅರ್ಥ ತಾನಾಗಿ ಹುಟ್ಟಲಿಲ್ಲ.

ಇನ್ನು ಹೆದರಿಕೆ. ತಪ್ಪಿದರೆ ಬೆಂಚಿನ ಮೇಲೆ ನಿಲ್ಲಬೇಕು ಅನ್ನುವ ಮಗುವಿನ ತಲೆಯಲ್ಲಿ ಮೊದಲು ತುಂಬಿಕೊಳ್ಳುವುದೇ ಬೆಂಚು. ಗಣಿತದ ಭಯ ಆ ಇಕ್ಕಟ್ಟಿನ ಜಾಗವನ್ನೇ ತಿನ್ನುತ್ತದೆ ಎಂದು ಆಶ್‌ಕ್ರಾಫ್ಟ್ ಮತ್ತು ಕರ್ಕ್ ಎಂಬ ಮನಶ್ಶಾಸ್ತ್ರಜ್ಞರು 2001ರಲ್ಲಿ ತೋರಿಸಿದರು. ಜಾಗ ಉಳಿಸಲು ಹೋಗಿ ಜಾಗವನ್ನೇ ಕಿತ್ತುಕೊಂಡ ಹಾಗಾಯಿತು.

ರಂಗೋಲಿ ಚುಕ್ಕಿಯಿಂದ ಶುರು ಮಾಡಿದರೆ ಹೇಗೆ? ಏಳು ಸಾಲು, ಸಾಲಿಗೆ ಎಂಟು ಚುಕ್ಕಿ. ಐದು ಸಾಲಿಗೆ ನಲವತ್ತು, ಇನ್ನೆರಡಕ್ಕೆ ಹದಿನಾರು, ಒಟ್ಟು ಐವತ್ತಾರು. ಸ್ಲೇಟು ಅಡ್ಡ ತಿರುಗಿಸಿದರೆ ಎಂಟು ಸಾಲು, ಸಾಲಿಗೆ ಏಳು. ಚುಕ್ಕಿ ಅಷ್ಟೇ ಇದೆ. ಇದನ್ನು ಕಣ್ಣಾರೆ ಕಂಡ ಮಗುವಿಗೆ ಹೆಚ್ಚುಕಮ್ಮಿ ಅರ್ಧ ಮಗ್ಗಿ ಅಲ್ಲೇ ಮುಗಿಯಿತು. ಮಿಕ್ಕಿದ್ದು ಬಳಸುತ್ತಾ ಬಳಸುತ್ತಾ ನಾಲಿಗೆಗೆ ಬರುತ್ತದೆ. ತಡವಾಗುತ್ತದೆ, ಹೌದು. ತಿಂಗಳ ಕೊನೆಗೆ ಪಾಠ ಮುಗಿಸಲೇಬೇಕಾದ ಟೀಚರಿಗೆ ಈ ಮಾತು ಹೇಳಲು ನನಗೇ ಸ್ವಲ್ಪ ಸಂಕೋಚ.