ಬಲಗಿವಿ ಬಂದ್

ಮೇ ತಿಂಗಳ ಸೆಕೆ. ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದ ನಮ್ಮ ಮನೆಯಲ್ಲಿ ಬಾವಿ ಬತ್ತಿದರೂ ಗುಡ್ಡ ಕೊರೆದ ಸುರಂಗದ ನೀರು ನೂಲಿನಂತೆ ತೋಟದ ಕೆರೆಗೆ ಬೀಳುತ್ತಲೇ ಇರುತ್ತದೆ. ಅದರಲ್ಲೊಂದು ಮುಳುಗು ಹಾಕಿದೆ, ಅಷ್ಟೇ. ತಲೆ ಒರೆಸಿಕೊಳ್ಳುವಾಗ ನೋಡಿದರೆ ಬಲಗಿವಿ ಬಂದ್!

ನೀರು ಹೊಕ್ಕಿರಬೇಕು ಅಂತ ಅಂಗಳದಲ್ಲಿ ತಲೆ ಓರೆ ಮಾಡಿ ಒಂಟಿ ಕಾಲಲ್ಲಿ ಕುಣಿದೆ. ಅಂಗಳ ತುಂಬ ಒಣಗಲು ಹರಡಿದ ಅಡಕೆ. ನೀರು ಬೀಳಲಿಲ್ಲ, ನಾನು ಬಿದ್ದೆ.

ಮಧ್ಯಾಹ್ನ ಊಟಕ್ಕೆ ಹಲಸಿನ ಹಪ್ಪಳ. ಒಂದು ತುಂಡು ಕಡಿದದ್ದೇ ತಡ, ತಲೆಯೊಳಗೆ ಜಲ್ಲಿ ಕ್ರಷರ್ ಶುರು. ಸಾರು ಸುರಿದರೆ ಪಂಪ್‌ಸೆಟ್. ನನ್ನದೇ ಸ್ವರ ಕೊಡಪಾನದೊಳಗಿಂದ ಬಂದಂತೆ. ಹೊರಗಿನವರ ಮಾತು ಮಾತ್ರ ಕಾಸರಗೋಡು ದಾಟಿ ಬರುತ್ತಿತ್ತು.

ನಮ್ಮೂರಲ್ಲಿ ಕಿವಿ ಒಂದೇ ಆದರೂ ಹೆಸರು ನಾಲ್ಕು. ಅಮ್ಮನ ಹವ್ಯಕ ಮಾತಲ್ಲಿ ಅದು ಕೆಮಿ: ಬೆಳ್ಳುಳ್ಳಿ ಕಾಯಿಸಿದ ತೆಂಗಿನೆಣ್ಣೆ ಬಿಡಬೇಕಂತೆ. ತೋಟದ ಕೆಲಸದ ಅಣ್ಣನ ತುಳುವಲ್ಲಿ ಕೆಬಿ: ಇನ್ನಷ್ಟು ನೀರು ತುಂಬಿಸಿ ಒಮ್ಮೆಲೇ ಬಗ್ಗಿಸಿದರೆ ಹಳೇ ನೀರೂ ಜೊತೆಗೇ ಬರ್ತದಂತೆ. ಎರಡನ್ನೂ ಮಾಡಿದೆ. ಹೋದದ್ದು ಗೊತ್ತು, ಬಂದದ್ದು ಗೊತ್ತಿಲ್ಲ. ಸಾಲದ್ದಕ್ಕೆ ಮಗಳ ಹತ್ತಿಯ ಬಡ್ಸ್ ಕದ್ದು ತಿರುವಿದೆ. ಉಳಿದಿದ್ದ ಚೂರುಪಾರು ಸದ್ದೂ ನಿಂತಿತು.

ಹೆಂಡತಿಗೆ ಬೇರೆಯೇ ಗುಮಾನಿ. “ಕಾಫಿ ಆಯ್ತು ಅಂದದ್ದು ಕೇಳ್ತದೆ, ಗ್ಯಾಸ್ ತನ್ನಿ ಅಂದದ್ದು ಕೇಳುವುದಿಲ್ಲ. ಇದೆಂತ ಕಾಯಿಲೆ?” ಕಾಫಿಗೆ ಪರಿಮಳ ಉಂಟು ಮಾರಾಯ್ತಿ, ಗ್ಯಾಸ್ ತರುವ ಕೆಲಸಕ್ಕೆ ಎಲ್ಲಿಯ ಪರಿಮಳ?

ಮೂರನೇ ದಿನ ಪೇಟೆಯ ಡಾಕ್ಟರ ಬಳಿ ಹೋದೆ. ಅವರದ್ದು ಮಲಯಾಳ, ಹಾಗಾಗಿ ಚೆವಿ. “ಚೆವಿಯಿಲ್ ವೆಳ್ಳಂ ಪೋಯೋ?” ಅಂತ ಕೇಳಿದರು. ವೆಳ್ಳಂ ಅಂದರೆ ನೀರು ಅಂತ ಗೊತ್ತಿಲ್ಲದವನೇನಲ್ಲ ನಾನು. ಆದರೆ ಅವರು ಕೂತದ್ದು ಬಲಗಡೆ. “ಛೇ, ಬೆಲ್ಲ ಹಾಕಿಲ್ಲ ಡಾಕ್ಟ್ರೇ, ಎಣ್ಣೆ ಮಾತ್ರ” ಅಂದೆ. ನರ್ಸ್ ಬೆನ್ನು ಹಾಕಿ ನಿಂತು ನಕ್ಕದ್ದು ಭುಜದಲ್ಲೇ ಗೊತ್ತಾಯಿತು.

ಒಳಗೆ ನೀರು ನಿಂತೇ ಇರಲಿಲ್ಲವಂತೆ. ಮೊದಲಿಂದಲೂ ಇದ್ದ ಗುಗ್ಗೆ ಕೆರೆ ನೀರು ಕುಡಿದು, ಅವಲಕ್ಕಿಯ ಹಾಗೆ ಉಬ್ಬಿ ದಾರಿ ಮುಚ್ಚಿತ್ತು. ನಾನು ಬಡ್ಸ್‌ನಲ್ಲಿ ಅದನ್ನು ಒಳಗೆ ಗಿಡಿದು ಗಟ್ಟಿ ಮಾಡಿದ್ದೆ. ನಾಲ್ಕು ದಿನ ತೊಟ್ಟು ಮದ್ದು ಬಿಟ್ಟು ಮೆತ್ತಗೆ ಮಾಡಿ, ಆಮೇಲೆ ಸಿರಿಂಜಲ್ಲಿ ಉಗುರುಬೆಚ್ಚಗಿನ ನೀರು ಹಾಯಿಸಿದರು. ತಣ್ಣೀರು ಹಾಯಿಸಿದರೆ ತಲೆ ಗಿರ್ರನೆ ತಿರುಗುತ್ತದಂತೆ. ತಟ್ಟೆಗೆ ಬಿದ್ದದ್ದು ಹುಣಸೆ ಬೀಜದಷ್ಟು ದೊಡ್ಡ ಕಂದು ಮುದ್ದೆ. ಇಷ್ಟಕ್ಕಾ ನಾನು ಕುಣಿದದ್ದು!

ಫ್ಯಾನಿನ ಕಟಕಟ, ಹೊರಗೆ ಬಸ್ಸಿನ ಹಾರ್ನ್, ಕಂಡಕ್ಟರನ ಕೂಗು ಎಲ್ಲ ಒಟ್ಟಿಗೇ ನುಗ್ಗಿದವು. ಖುಷಿಯಲ್ಲಿ ಮನೆಗೆ ಬಂದು ಚಾವಡಿಯಲ್ಲಿ ಕೂತೆ. ಒಳಗಿನಿಂದ ಹೆಂಡತಿ ಪಿಸುಗುಟ್ಟಿದಳು: “ಬಂದ್ರಾ?”

“ಹೂಂ” ಅಂದುಬಿಟ್ಟೆ.

“ಕೇಳ್ತದಲ್ವಾ? ಹಾಗಾದರೆ ಅಂಗಳದ ಅಡಕೆ ಒಳಗೆ ಹಾಕಿ. ಮಳೆ ಬರ್ತಾ ಉಂಟು.”